ಕಿಂಡಿ ಕಂಡವರು ಕಾಯುವ ಕೋಟೆ

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಹೆಸರಿಗೆ ತಕ್ಕ ಊರು. ಸುತ್ತಲೂ ಬಂಡೆಗಲ್ಲುಗಳ ಗುಡ್ಡ. ಗುಡ್ಡದ ಮೇಲೆ ಪಾಳೆಯಗಾರರ ಕಾಲದ ಕೋಟೆ. ಬಂಡೆಗಳ ಸಂದುಗಳಲ್ಲಿ ಈಗ ಕರಡಿಗಳ ವಾಸ. ಅವುಗಳಿಗಾಗಿ ಅಲ್ಲೊಂದು ಕರಡಿಧಾಮವೂ ಆಗಿದೆ. ಬಹುಕಾಲ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಈ ಸೀಮೆ 2021ರಿಂದ ವಿಜಯನಗರ ಜಿಲ್ಲೆಯದಾಗಿದೆ. ಚಿತ್ರದುರ್ಗದ ಒನಕೆ ಓಬವ್ವನ ತವರೂರು ಇದೇ ಎಂದು ಇಲ್ಲಿಯ ಜನ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ.

ಓಬವ್ವನ ಕಥೆಯನ್ನು ನಮ್ಮ ಮನೆಯ ಮಕ್ಕಳೂ ಬಲ್ಲರು. ಹೈದರಾಲಿಯ ಸೈನ್ಯ ದುರ್ಗವನ್ನು ಮುತ್ತಿದ್ದ ಕಾಲ. ಕಾವಲಿನವನಾದ ಗಂಡ ಊಟಕ್ಕೆ ಕುಳಿತಿದ್ದ; ನೀರು ತರಲು ಹೋದ ಹೆಂಡತಿ, ಕಲ್ಲಿನ ಕಿಂಡಿಯೊಂದರಿಂದ ಶತ್ರುಗಳು ನುಸುಳುತ್ತಿರುವುದನ್ನು ಕಂಡಳು. ಕೈಗೆ ಸಿಕ್ಕ ಒನಕೆಯೇ ಆಯುಧವಾಯಿತು. ಈ ಕಥೆಯಲ್ಲಿ ನಾವೆಲ್ಲ ಮೆಚ್ಚುವುದು ಶೌರ್ಯವನ್ನು, ಅದು ಸರಿಯೇ. ಆದರೆ ಅದರಲ್ಲಿ ಇನ್ನೊಂದು ಮಾತೂ ಅಡಗಿದೆ. ಕಿಂಡಿಯನ್ನು ಕಂಡವಳ ಹೆಸರು ಸೈನ್ಯದ ಪಟ್ಟಿಯಲ್ಲಿ ಇರಲಿಲ್ಲ. ಆದರೂ ಕೋಟೆ ಅವಳದಾಗಿತ್ತು. ಹತ್ತಿರ ಹೋಗಿ ನೋಡಲು ಅವಳಿಗೆ ಯಾರ ಅಡ್ಡಿಯೂ ಇರಲಿಲ್ಲ. ನಮ್ಮ ಕಾಲದ ಗಣಕಯಂತ್ರದ ಚರಿತ್ರೆಯಲ್ಲಿ ಇದೇ ಮಾತು ದೊಡ್ಡದೊಂದು ಚರ್ಚೆಯ ತಿರುಳಾಗಿದೆ. ಆ ಚರ್ಚೆಯಲ್ಲಿ ಕನ್ನಡದ ಪಾಲೂ ಉಂಟು.

ಗಣಕಯಂತ್ರಕ್ಕೆ ಏನು ಮಾಡಬೇಕೆಂದು ಹೇಳುವ ಬರಹವೇ ತಂತ್ರಾಂಶ. ಅದಕ್ಕೆ ಎರಡು ರೂಪ. ಮನುಷ್ಯ ಓದಿ ತಿದ್ದಬಲ್ಲ ಮೂಲಬರಹ ಒಂದು. ಯಂತ್ರಕ್ಕೆ ಮಾತ್ರ ತಿಳಿಯುವ ಅಂಕಿಗಳ ರೂಪ ಇನ್ನೊಂದು. ಹಳೆಯ ವಾಲ್ವ್ ರೇಡಿಯೋವನ್ನು ನೆನೆಯಿರಿ. ಅದರ ಸರ್ಕ್ಯೂಟ್ ನಕ್ಷೆ ಕೈಗೆ ಸಿಕ್ಕಿದರೆ ಪೇಟೆಯ ರಿಪೇರಿಯವನು ಕೆಟ್ಟ ಭಾಗವನ್ನು ಹುಡುಕಿ ಸರಿಮಾಡುತ್ತಿದ್ದ. ನಕ್ಷೆಯೇ ಇಲ್ಲದೆ, ಪೆಟ್ಟಿಗೆಗೂ ಮೊಹರು ಹಾಕಿ ಕೊಟ್ಟರೆ ಅವನೇನು ಮಾಡಿಯಾನು? ಮೂಲಬರಹವಿಲ್ಲದ ತಂತ್ರಾಂಶದ ಸ್ಥಿತಿ ಅದೇ.

1980ರ ಸುಮಾರಿಗೆ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಎಂಬವರಿಗೆ ಈ ಕಷ್ಟ ನೇರವಾಗಿ ಎದುರಾಯಿತು. ಪ್ರಯೋಗಾಲಯದ ಮುದ್ರಣಯಂತ್ರದಲ್ಲಿ ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ಸುದ್ದಿ ಹೋಗುವಂತೆ ತಂತ್ರಾಂಶವನ್ನು ತಿದ್ದಬೇಕೆಂದು ಅವರ ಆಸೆ. ಆದರೆ ಮೂಲಬರಹ ದೊರೆಯಲಿಲ್ಲ. ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ಒಂದು ಸಂಪೂರ್ಣ ತಂತ್ರಾಂಶವ್ಯವಸ್ಥೆಯನ್ನು ಕಟ್ಟುವುದಾಗಿ 1983ರಲ್ಲಿ ಅವರು ಸಾರಿದರು. 1985ರಲ್ಲಿ ಅದಕ್ಕಾಗಿ ಒಂದು ಪ್ರತಿಷ್ಠಾನವಾಯಿತು. 1989ರಲ್ಲಿ ಜಿಪಿಎಲ್ ಎಂಬ ಪರವಾನಗಿ ಪತ್ರ ಸಿದ್ಧವಾಯಿತು.

ಈ ಪತ್ರದ ಬಗೆ ನಮಗೆ ಹೊಸದೇನೂ ಅಲ್ಲ. ನಮ್ಮ ನಾಡಿನ ದಾನಶಾಸನಗಳ ಕೊನೆಯಲ್ಲಿ, ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ ದಾನವನ್ನು ಅಪಹರಿಸಿದವನಿಗೆ ಪಾಪ ತಪ್ಪದೆಂಬ ಶಾಪವಾಕ್ಯವಿರುತ್ತದೆ. ಕೆರೆ ಕಟ್ಟಿಸಿದವನಿಗೆ ಮುಂದಿನವರ ಮೇಲೆ ಅಷ್ಟು ಶಂಕೆ ಇದ್ದೇ ಇತ್ತು. ಜಿಪಿಎಲ್ ಶಾಪ ಹಾಕುವುದಿಲ್ಲ, ಕಾನೂನನ್ನು ಆಶ್ರಯಿಸುತ್ತದೆ. ತಿದ್ದಿದ ತಂತ್ರಾಂಶವನ್ನು ಹಂಚುವವನು ಅದರ ಮೂಲಬರಹವನ್ನೂ ಅದೇ ಷರತ್ತಿನ ಮೇಲೆ ಕೊಡಲೇಬೇಕು. ಊರಿನ ಕೆರೆಗೆ ಒಬ್ಬನು ಬೇಲಿ ಹಾಕಿಕೊಳ್ಳುವಂತಿಲ್ಲ ಎಂಬುದೇ ಇದರ ತಾತ್ಪರ್ಯ.

1991 ಈ ಕಥೆಯಲ್ಲಿ ನೆನಪಿಡಬೇಕಾದ ವರ್ಷ. ಆ ಆಗಸ್ಟಿನಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತಾನು ಹವ್ಯಾಸಕ್ಕಾಗಿ ಬರೆಯುತ್ತಿದ್ದ ತಂತ್ರಾಂಶದ ಸುದ್ದಿಯನ್ನು ಪ್ರಕಟಿಸಿ ಇತರರ ಸಲಹೆ ಕೇಳಿದ. ಅದೇ ಮುಂದೆ ಲಿನಕ್ಸ್ ಆಯಿತು. ಅದೇ ವರ್ಷ ಲೋಕದ ಲಿಪಿಗಳಿಗೆಲ್ಲ ಒಂದೇ ಅಂಕಿಪಟ್ಟಿಯಾಗಬೇಕೆಂಬ ಯೂನಿಕೋಡಿನ ಮೊದಲ ಆವೃತ್ತಿ ಬಂದಿತು. ಕನ್ನಡಕ್ಕೂ ಅದರಲ್ಲಿ 128 ಸ್ಥಾನಗಳು ಮೀಸಲಾದವು. ಗುಡೇಕೋಟೆಗೆ ದೂರವಲ್ಲದ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಸ್ಥಾಪನೆಯಾದುದೂ ಆ ವರ್ಷವೇ. ಈ ಮೂರಕ್ಕೂ ಅಂದು ಒಂದರ ಪರಿಚಯ ಇನ್ನೊಂದಕ್ಕಿರಲಿಲ್ಲ.

ದೂರದೂರದ ಅಪರಿಚಿತರು ಒಂದೇ ಬರಹವನ್ನು ಕೆಡಿಸದೆ ತಿದ್ದುವುದು ಹೇಗೆ? ಕ್ರಮ ಸರಳವಾದುದು. ತಪ್ಪು ಕಂಡವನು ಮೂಲಬರಹದ ಪ್ರತಿ ಮಾಡಿಕೊಳ್ಳುತ್ತಾನೆ; ತಿದ್ದುತ್ತಾನೆ; ಯಾವ ಸಾಲು ತೆಗೆದೆ, ಯಾವುದು ಸೇರಿಸಿದೆ ಎಂಬಷ್ಟನ್ನೇ ಬೇರೆಮಾಡಿ, ಕಾರಣ ಬರೆದು ಕಳುಹಿಸುತ್ತಾನೆ. ಇದಕ್ಕೆ ಇಂಗ್ಲಿಷರು ಇಟ್ಟ ಹೆಸರು ಪ್ಯಾಚ್, ಎಂದರೆ ನಮ್ಮ ತೇಪೆ. ತೇಪೆಯನ್ನು ತಾನಾಗಿ ಹಚ್ಚುವ ಉಪಕರಣವನ್ನು ಲ್ಯಾರಿ ವಾಲ್ 1985ರಲ್ಲೇ ಬರೆದಿದ್ದರು. ಪಾಲಕರು ತೇಪೆಯನ್ನು ಪರೀಕ್ಷಿಸಿ, ಪ್ರಶ್ನೆ ಕೇಳಿ, ಬೇಕಾದರೆ ಹಿಂದಿರುಗಿಸಿ, ಒಪ್ಪಿಗೆಯಾದರೆ ಸೇರಿಸುತ್ತಾರೆ. ಕೊಟ್ಟವನ ಹೆಸರೂ ದಿನಾಂಕವೂ ಶಾಶ್ವತವಾಗಿ ದಾಖಲಾಗುತ್ತವೆ. ಈ ದಾಖಲೆಗಾಗಿ ಟೋರ್ವಾಲ್ಡ್ಸ್ 2005ರಲ್ಲಿ ಗಿಟ್ ಎಂಬ ಇನ್ನೊಂದು ತಂತ್ರಾಂಶವನ್ನೇ ರಚಿಸಿದರು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂಬ ನಮ್ಮ ಹಳ್ಳಿಗಳ ಮುಯ್ಯಾಳಿನ ಪದ್ಧತಿಯನ್ನು ಬಲ್ಲವರಿಗೆ ಇದರ ಒಳಗುಟ್ಟು ಬೇಗ ತಿಳಿಯುತ್ತದೆ.

ಇನ್ನು ಕನ್ನಡದ ಮಾತಿಗೆ ಬರೋಣ. ಗಣಕಯಂತ್ರದಲ್ಲಿ ನಮ್ಮ ಲಿಪಿ ಮೂಡಿದುದು ಕೆಲವರ ತಪಸ್ಸಿನಿಂದ. ಕಿನ್ನಿಕಂಬಳ ಪದ್ಮನಾಭ ರಾಯರು, ಎಂದರೆ ಕೆ. ಪಿ. ರಾವ್ ಅವರು, ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಉಚ್ಚಾರಣೆಗೆ ಅನುಸಾರವಾಗಿ ಕನ್ನಡ ಬರೆಯುವ ವಿನ್ಯಾಸವನ್ನು ರೂಪಿಸಿದರು. ಅದಕ್ಕೆ ಒಡೆತನವನ್ನು ಸಾಧಿಸದೆ ನಾಡಿಗೆ ಕೊಟ್ಟರು. ಸರ್ಕಾರ ಕೆಲವು ಮಾರ್ಪಾಟುಗಳೊಡನೆ ಒಪ್ಪಿದ ಕೀಲಿಮಣೆಗೆ ಇದೇ ಆಧಾರ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂದಿತು. ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಹಂಪಿಯ ವಿಶ್ವವಿದ್ಯಾಲಯದ ಮೂಲಕ ‘ಕುವೆಂಪು’ ತಂತ್ರಾಂಶ ಹೊರಬರಲು ಪೂರ್ಣಚಂದ್ರ ತೇಜಸ್ವಿಯವರು ಆಸಕ್ತಿ ವಹಿಸಿದರು. ಇವರೆಲ್ಲರ ಉಪಕಾರವನ್ನು ಕನ್ನಡ ಮರೆಯಲಾರದು.

ಆದರೆ ಒಂದು ತೊಡಕು ಉಳಿಯಿತು. ಒಂದೊಂದು ತಂತ್ರಾಂಶಕ್ಕೆ ಒಂದೊಂದು ಅಂಕಿಪಟ್ಟಿ. ಒಂದರಲ್ಲಿ ಬರೆದ ಕಾಗದ ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳ ರಾಶಿ. ಇದಕ್ಕೆ ಪರಿಹಾರ ಯೂನಿಕೋಡ್. ಅದರಲ್ಲಿ ‘ಕ’ ಅಕ್ಷರಕ್ಕೆ 3221 ಎಂಬ ಅಂಕಿ. ಲೋಕದ ಯಾವ ಯಂತ್ರದಲ್ಲಿಯೂ ಅದೇ. ಆದರೆ ‘ಕ್ಷ’ಕ್ಕೆ ಪ್ರತ್ಯೇಕ ಅಂಕಿಯಿಲ್ಲ. ‘ಕ’, ವಿರಾಮಚಿಹ್ನೆ, ‘ಷ’ ಎಂಬ ಮೂರು ಅಂಕಿಗಳು, 3221, 3277, 3255, ಒಂದರ ಹಿಂದೊಂದು ಬಂದಾಗ ಅವನ್ನು ಕೂಡಿಸಿ ಒಂದೇ ಆಕೃತಿಯಾಗಿ ತೋರಿಸುವ ಹೊಣೆ ತಂತ್ರಾಂಶದ್ದು. ಒತ್ತಕ್ಷರ ಜಾರಿದರೂ ಅರ್ಕಾವೊತ್ತು ಸ್ಥಾನ ತಪ್ಪಿದರೂ ಯಂತ್ರಕ್ಕೆ ತಿಳಿಯದು. ಕನ್ನಡ ಓದಬಲ್ಲ ಕಣ್ಣೇ ಬೇಕು.

ಇಲ್ಲಿಯೇ ಮುಕ್ತ ತಂತ್ರಾಂಶದ ಮಹತ್ತ್ವ. ಇಂದು ಆಂಡ್ರಾಯ್ಡ್ ಫೋನುಗಳಲ್ಲಿ, ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್‌ಗಳಲ್ಲಿ ಕನ್ನಡದ ಒತ್ತುಗಳನ್ನು ಜೋಡಿಸುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಅದರ ಮುಖ್ಯ ಕರ್ತೃ ಬೆಹದಾದ್ ಎಸ್ಫಹಬೋದ್ ಇರಾನಿನಲ್ಲಿ ಹುಟ್ಟಿದವರು, ಹೆಸರೂ ಪಾರಸಿಯದೇ. ಇಂಥ ಬರಹದಲ್ಲಿ ನಮ್ಮ ಲಿಪಿಯ ತಪ್ಪೊಂದನ್ನು ಕನ್ನಡಿಗನೊಬ್ಬ ತೋರಿಸಿ, ಅದು ತಿದ್ದುಪಡಿಯಾದರೆ, ಅದರ ಫಲ ಕೋಟಿ ಫೋನುಗಳಿಗೆ ಮುಟ್ಟುತ್ತದೆ. ಉಚಿತವೆಂಬುದು ಬೇರೆ, ಮುಕ್ತವೆಂಬುದು ಬೇರೆ. ಛತ್ರದಲ್ಲಿ ಊಟಕ್ಕೆ ಹಣವಿಲ್ಲ, ನಿಜ. ಆದರೆ ಸಾರಿಗೆ ಉಪ್ಪು ಕಡಿಮೆಯೆಂದು ನಾವೇ ಅಡಿಗೆಮನೆಗೆ ಹೋಗುವಂತಿಲ್ಲ. ಮುಕ್ತ ತಂತ್ರಾಂಶದಲ್ಲಿ ಅಡಿಗೆಮನೆಯ ಬಾಗಿಲೂ ತೆರೆದಿರುತ್ತದೆ.

ಆ ಬಾಗಿಲಿನಿಂದ ಹೋದ ಕನ್ನಡಿಗರ ಕೆಲಸ ಸಣ್ಣದಲ್ಲ. ಗಣಕ ಪರಿಷತ್ತಿನ ಕೀಲಿಮಣೆ ‘ಕಗಪ’ ಎಂಬ ಹೆಸರಿನಿಂದ ಲಿನಕ್ಸಿನಲ್ಲಿ ಸೇರಿಹೋಗಿದೆ. ‘ಕೇದಗೆ’, ‘ಮಲ್ಲಿಗೆ’ ಅಕ್ಷರಶೈಲಿಗಳ ಬಳಿಕ ‘ಗುಬ್ಬಿ’ಯೂ ಕೈಬರಹವನ್ನು ಹೋಲುವ ‘ನವಿಲು’ವೂ ಬಂದವು. ಹಳೆಯ ಅಂಕಿಪಟ್ಟಿಗಳ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಮುಕ್ತ ತಂತ್ರಾಂಶವನ್ನು ಸಂಚಯದ ಗೆಳೆಯರು ರಚಿಸಿದರು. ಅದೇ ಬಳಗದ ‘ವಚನ ಸಂಚಯ’ದಲ್ಲಿ ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟು ವಚನಗಳಿವೆ, ಯಾವ ಶಬ್ದ ಯಾವ ಶರಣರಲ್ಲಿ ಎಷ್ಟು ಸಲ ಬಂದಿದೆಯೆಂದು ಕ್ಷಣದಲ್ಲಿ ಹುಡುಕಬಹುದು. ಓಂಶಿವಪ್ರಕಾಶರಂಥ ತಂತ್ರಜ್ಞರೊಡನೆ ಕೂಡ್ಲಿಗಿಯ ನೆರೆಯ ಸಂಡೂರಿನಲ್ಲಿ ಹುಟ್ಟಿದ ಕಥೆಗಾರ ವಸುಧೇಂದ್ರರೂ ವಿದ್ವಾಂಸ ಓ. ಎಲ್. ನಾಗಭೂಷಣ ಸ್ವಾಮಿಯವರೂ ಇದರಲ್ಲಿ ಕೈಗೂಡಿಸಿದರು.

ಬಾಗಿಲು ತೆರೆದಿದ್ದರೆ ಕಳ್ಳರೂ ಬರಬಹುದಲ್ಲ ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಕ್ಸ್‌ಜೆಡ್ ಎಂಬ ಪುಟ್ಟ ತಂತ್ರಾಂಶವನ್ನು ಬಹುಕಾಲದಿಂದ ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. ಜಿಯಾ ತಾನ್ ಎಂಬ ಹೆಸರಿಟ್ಟುಕೊಂಡ ಯಾರೋ ಎರಡು ವರ್ಷಕ್ಕೂ ಮಿಕ್ಕಿ ಒಳ್ಳೆಯ ತೇಪೆಗಳನ್ನು ಕೊಟ್ಟು, ನಂಬಿಕೆ ಸಂಪಾದಿಸಿ, ಕೊನೆಗೆ ಅದರಲ್ಲೊಂದು ಗುಪ್ತ ಕಿಂಡಿಯನ್ನು ಕೊರೆದರು. ಲೋಕದ ಅಸಂಖ್ಯ ಯಂತ್ರಗಳಿಗೆ ಅದು ಹರಡುವುದರಲ್ಲಿತ್ತು. 2024ರ ಮಾರ್ಚಿ 29ರಂದು ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರ್ ಅದನ್ನು ಬಯಲಿಗೆಳೆದರು. ಅವರು ಎಕ್ಸ್‌ಜೆಡ್‌ನ ಕಾವಲುಗಾರರಲ್ಲ, ಬೇರೆ ಕೆಲಸದಲ್ಲಿದ್ದವರು. ದೂರದ ಯಂತ್ರವನ್ನು ಪ್ರವೇಶಿಸಲು ಎಂದಿಗಿಂತ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದೇಕೆ ಎಂದು ಬೆನ್ನುಹತ್ತಿ ಹೋಗಿ ಕಿಂಡಿಯನ್ನು ಕಂಡರು. ನೀರಿಗೆ ಹೋದವಳ ಕಥೆಯೇ ಮತ್ತೆ ನಡೆದಂತಾಯಿತು.

ಹಾಗೆಂದು ಮೈಮರೆಯುವಂತಿಲ್ಲ. 2014ರಲ್ಲಿ ಬೆಳಕಿಗೆ ಬಂದ ‘ಹಾರ್ಟ್‌ಬ್ಲೀಡ್’ ಎಂಬ ದೋಷ, ಮೂಲಬರಹ ತೆರೆದಿದ್ದರೂ ಎರಡು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಓಬವ್ವ ಒಂದು ಮುತ್ತಿಗೆಯನ್ನು ತಡೆದಳು. ಆದರೂ 1779ರಲ್ಲಿ ದುರ್ಗ ಹೈದರನ ವಶವಾಯಿತು. ಬಾಗಿಲು ತೆರೆದಿದ್ದ ಮಾತ್ರಕ್ಕೆ ಕಾವಲು ಆದಂತಲ್ಲ. ಒಬ್ಬರ ಎಚ್ಚರ ಎಂದೆಂದಿಗೂ ಸಾಲದು; ಸರದಿ ಹಂಚಿಕೊಳ್ಳುವವರು ಬೇಕು.

ಸರದಿಗೆ ನಿಲ್ಲಲು ದೊಡ್ಡ ಪಾಂಡಿತ್ಯವೇ ಬೇಕೆಂಬುದು ತಪ್ಪು ತಿಳಿವಳಿಕೆ. ಫೋನಿನ ಪರದೆಯ ಮೇಲೆ ಅಕ್ಷರ ಒಡೆದು ಕಂಡರೆ, ಯಾವ ಶಬ್ದ, ಹೇಗೆ ಕಾಣಬೇಕಾಗಿತ್ತು, ಹೇಗೆ ಕಂಡಿತು ಎಂದು ಸ್ಪಷ್ಟವಾಗಿ ಬರೆದು ತಿಳಿಸುವುದೂ ಸೇವೆಯೇ. ತಪ್ಪು ಅನುವಾದವೊಂದನ್ನು ನೇರ್ಪಡಿಸುವುದು ಮುಂದಿನ ಮೆಟ್ಟಿಲು. ಮೂಲಬರಹವನ್ನು ತಿದ್ದುವುದು ಅದರ ಮುಂದಿನದು. ಕನ್ನಡ ಮಾಧ್ಯಮದಲ್ಲಿ ಓದಿದ ಕೂಡ್ಲಿಗಿಯ ಹುಡುಗಿಗೆ ಇದರಲ್ಲಿ ಒಂದು ಅನುಕೂಲವೇ ಉಂಟು. ಕನ್ನಡದ ಒತ್ತು ಎಲ್ಲಿ ಕೂರಬೇಕೆಂಬುದನ್ನು ಲೋಕದ ಮಹಾಮಹಾ ತಂತ್ರಜ್ಞರು ಅವಳಿಂದ ಕೇಳಿ ತಿಳಿಯಬೇಕಾಗುತ್ತದೆ.

ಗುಡೇಕೋಟೆಯ ಕಲ್ಲುಗಳನ್ನು ಪೇರಿಸಿದವರ ಹೆಸರು ಇಂದು ಯಾರಿಗೂ ತಿಳಿಯದು. ಅಕ್ಷರಗಳ ಈ ಹೊಸ ಕೋಟೆಯಲ್ಲಿ ಒಂದು ಕಲ್ಲು ಸರಿಪಡಿಸಿದವರ ಹೆಸರೂ ಉಳಿಯುತ್ತದೆ. ಹೆಸರಿಗಿಂತ ಮುಖ್ಯವಾದುದು ಬೇರೆ: ನಾವು ಬರೆದದ್ದನ್ನು ನಮ್ಮ ಮೊಮ್ಮಕ್ಕಳು ಅಕ್ಷರ ತಪ್ಪದೆ ಓದುವಂತಿರಬೇಕು. ಅದಕ್ಕೆ ಕಿಂಡಿಯನ್ನು ಕಂಡವರು ಕಂಡೆನೆಂದು ಹೇಳಿದರೂ ಅರ್ಧ ಕೆಲಸವಾದಂತೆ.