ರೈತನತ್ತ ತಿರುಗಿದ ಪರದೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗು ಬೆಳೆಗಾರರಿಗೆ ಗಣಕದ ಪರದೆ, ಅಂದರೆ ಮಾನಿಟರ್, ಬೇಕಾದ ವಸ್ತುವಾದದ್ದು ಮುಖ್ಯವಾಗಿ ಪಹಣಿಯಿಂದ. ಜಮೀನಿನ ಖಾತೆದಾರ, ವಿಸ್ತೀರ್ಣ, ಬೆಳೆ, ಸಾಲ ಇವನ್ನೆಲ್ಲ ದಾಖಲಿಸುವ ಈ ಪತ್ರ ಹಿಂದೆ ವಂಶಪಾರಂಪರ್ಯದ ಶಾನುಭೋಗರ ಕಡತದಲ್ಲಿದ್ದು, 1960ರ ದಶಕದಲ್ಲಿ ಆ ಪದ್ಧತಿ ರದ್ದಾದ ಬಳಿಕ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಕ್ಕೆ ಬಂದಿತು. ಪುಸ್ತಕ ಯಾರ ಕೈಯಲ್ಲಿತ್ತೋ ಅವರ ಬಿಡುವಿಗೆ ರೈತ ಕಾಯಬೇಕಾಗಿತ್ತು.

ಕಂದಾಯ ಇಲಾಖೆಯ ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಭೂದಾಖಲೆಗಳನ್ನು ಗಣಕಕ್ಕೆ ತಂದು, ತಾಲ್ಲೂಕು ಕಚೇರಿಗಳ ಕೌಂಟರಿನಲ್ಲಿ 15 ರೂಪಾಯಿಗೆ ಪಹಣಿ ಕೊಡತೊಡಗಿತು. ಈ ವ್ಯವಸ್ಥೆಯಲ್ಲಿ ಸಿಬ್ಬಂದಿಯ ಪರದೆಯಲ್ಲದೆ ಅರ್ಜಿದಾರನತ್ತ ತಿರುಗಿದ ಎರಡನೆಯ ಪರದೆಯೂ ಇತ್ತು. ತನ್ನ ಹೆಸರಿನ ಮುಂದೆ ಏನು ದಾಖಲಾಗಿದೆ ಎಂಬುದನ್ನು ರೈತ ನಿಂತಲ್ಲಿಯೇ ನೋಡಬಹುದಾಗಿತ್ತು. ಕೃಷಿ ಉತ್ಪನ್ನಗಳನ್ನು ಗಣಕದ ಮೂಲಕ ಮಾರುವ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ 2014ರಲ್ಲಿ ಆರಂಭವಾದ ಮೇಲೆ ತಿಪಟೂರಿನ ಕೊಬ್ಬರಿ ವಹಿವಾಟೂ ಅದರೊಳಗೆ ಬಂದು, ಅಟ್ಟದ ಮೇಲೆ 10–11 ತಿಂಗಳು ಒಣಗಿದ ಉಂಡೆ ಕೊಬ್ಬರಿಯ ದರವೂ ಪರದೆಯ ಮೇಲೆ ಮೂಡತೊಡಗಿತು.

ಹೀಗೆ ಪರದೆಯ ಮೇಲೆ ಭಾರ ಬಿದ್ದಂತೆ ಅದರ ದೋಷಗಳೂ ಊರಿನ ದೋಷಗಳಾದವು. ಅವುಗಳಲ್ಲಿ ಸಾಮಾನ್ಯವಾದದ್ದು ‘ನೋ ಸಿಗ್ನಲ್’ ಎಂದು ತೋರಿಸಿ ಪರದೆ ಮತ್ತೆ ಮತ್ತೆ ಕಪ್ಪಾಗುವುದು. ಇದರ ಮೂಲ ಹೆಚ್ಚಾಗಿ ಗಣಕವನ್ನೂ ಮಾನಿಟರನ್ನೂ ಸೇರಿಸುವ ಕೇಬಲ್ಲಿನ ಜೋಡಣೆಯಲ್ಲಿರುತ್ತದೆ. ಐಬಿಎಂ ಕಂಪನಿ 1987ರಲ್ಲಿ ತಂದ ವಿಜಿಎ ಜೋಡಣೆಯ ತುದಿಯಲ್ಲಿ ಮೂರು ಸಾಲಿನ 15 ಪಿನ್ನುಗಳಿಗೆ ಜಾಗವಿದ್ದು, ಕೆಂಪು, ಹಸಿರು, ನೀಲಿಗೆ ಒಂದೊಂದು ಪಿನ್ನು, ಚಿತ್ರದ ಸಾಲು ಮತ್ತು ಚೌಕಟ್ಟು ಎಲ್ಲಿ ಆರಂಭವಾಗಬೇಕೆಂದು ಹೇಳುವ ‘ಸಿಂಕ್’ ಸಂಕೇತಗಳಿಗೆ ಎರಡು ಪಿನ್ನುಗಳು ಮೀಸಲಾಗಿವೆ. ಕೆಂಪಿನ ಪಿನ್ನು ಬಾಗಿದರೆ ಚಿತ್ರ ಹಸಿರುನೀಲಿಗೆ ತಿರುಗುತ್ತದೆ. ಸಿಂಕ್ ತಪ್ಪಿದರೆ ಚಿತ್ರವೇ ನಿಲ್ಲದು. ಪಕ್ಕದ ಎರಡು ತಿರುಪುಗಳನ್ನು ಬಿಗಿಯದೆ ಬಿಟ್ಟಾಗ ಕೇಬಲ್ಲಿನ ತೂಕಕ್ಕೇ ತುದಿ ಜಗ್ಗಿ ಸಂಪರ್ಕ ಸಡಿಲವಾಗುತ್ತದೆ. ಮುಂದೆ ಬಂದ ಎಚ್‌ಡಿಎಂಐ ಜೋಡಣೆಗೆ ಸಾಮಾನ್ಯವಾಗಿ ತಿರುಪೇ ಇಲ್ಲ. ಅದರಲ್ಲಿ ಹರಿಯುವುದು ಅಂಕಿರೂಪದ ಸಂಕೇತವಾದ್ದರಿಂದ ಸಂಪರ್ಕ ಕೆಟ್ಟಾಗ ಬಣ್ಣ ಮಾಸುವ ಬದಲು ಚಿತ್ರವೇ ಮಿಂಚಿ ಮರೆಯಾಗುತ್ತದೆ.

ದುರಸ್ತಿಯ ಕ್ರಮ ಹೊರಗಿನಿಂದ ಒಳಕ್ಕೆ ಸಾಗುತ್ತದೆ. ಮಾನಿಟರಿನ ದೀಪ ಉರಿಯುತ್ತಿದ್ದರೆ ವಿದ್ಯುತ್ತು ಬರುತ್ತಿದೆ, ಸಂಕೇತ ಮಾತ್ರ ಬರುತ್ತಿಲ್ಲ ಎಂದು ತಿಳಿಯಬೇಕು. ಬಳಿಕ ಎರಡೂ ತುದಿಗಳನ್ನು ಬಿಚ್ಚಿ ಒತ್ತಿ ಕೂರಿಸಿ, ಕೇಬಲ್ ಬದಲಿಸಿ, ಕೊನೆಗೆ ಬೇರೆ ಮಾನಿಟರನ್ನು ಜೋಡಿಸಿ ನೋಡಬೇಕು. ಒಂದೇ ಗಣಕಕ್ಕೆ ಎರಡು ಪರದೆಗಳಿದ್ದಲ್ಲಿ ಪರೀಕ್ಷೆ ಇನ್ನೂ ಸುಲಭ: ಎರಡೂ ಒಟ್ಟಿಗೆ ಕಪ್ಪಾದರೆ ಮೊದಲು ಗಣಕವನ್ನು, ಒಂದೇ ಕಪ್ಪಾದರೆ ಅದರ ಕೇಬಲ್ಲನ್ನು ನೋಡಬೇಕು. ಕಾಯಿಯನ್ನು ಒಡೆಯುವ ಮೊದಲು ಅಲ್ಲಾಡಿಸಿ, ಕೊಬ್ಬರಿ ಚಿಪ್ಪು ಬಿಟ್ಟಿತೇ ಎಂದು ಸದ್ದಿನಿಂದಲೇ ತಿಳಿಯುವ ಈ ಸೀಮೆಯವರಿಗೆ ಆ ವಿವೇಕ ಹೊಸದಲ್ಲ.

ಪರದೆ ಕಪ್ಪಾದಾಗ ಪಹಣಿ ಅಳಿಯುವುದಿಲ್ಲ, ಅದು ಗಣಕದಲ್ಲಿ ಹಾಗೆಯೇ ಇರುತ್ತದೆ. ತಪ್ಪಿಹೋಗುವುದು ಅದನ್ನು ನೋಡುವ ಅವಕಾಶ. ರೈತನ ಕಡೆಯ ಪರದೆಯೊಂದೇ ಕಪ್ಪಾಗಿ ಸಿಬ್ಬಂದಿಯ ಪರದೆ ಬೆಳಗುತ್ತಿದ್ದರೆ ಕೆಲಸ ನಿಲ್ಲದು, ಆದರೆ ದಾಖಲೆ ಮತ್ತೆ ಒಬ್ಬರ ಕಣ್ಣಿಗಷ್ಟೇ ಕಾಣುವ ಹಳೆಯ ಪುಸ್ತಕವಾಗುತ್ತದೆ. ಆದ್ದರಿಂದ ಮೊದಲು ಬಿಗಿಯಬೇಕಾದದ್ದು ಆ ಕಡೆಯ ತಿರುಪನ್ನು.