ಕುದುರೆ ರೇಸ್‌ನಲ್ಲಿ ಹ್ಯಾಂಡಿಕ್ಯಾಪ್ ಎಂದರೇನು? ಬಾಜಿ ಕಟ್ಟುವ ಮುನ್ನ ತಿಳಿಯಿರಿ

ಮುಂಬೈನ ಮಹಾಲಕ್ಷ್ಮಿ ಇರಲಿ, ಬೆಂಗಳೂರು ಇರಲಿ, ಹ್ಯಾಂಡಿಕ್ಯಾಪ್ ರೇಸ್‌ನ ಲೆಕ್ಕ ಒಂದೇ. ಹಿಂದಿನ ಓಟಗಳನ್ನು ನೋಡಿ ಪ್ರತಿ ಕುದುರೆಗೂ ರೇಟಿಂಗ್ ಕೊಡುತ್ತಾರೆ. ಒಂದು ಅಂಕಕ್ಕೆ ಅರ್ಧ ಕೆ.ಜಿ. ಭಾರ. ಅಂದರೆ 80 ರೇಟಿಂಗ್‌ನ ಕುದುರೆ 60 ರೇಟಿಂಗ್‌ನದ್ದಕ್ಕಿಂತ 10 ಕೆ.ಜಿ. ಹೆಚ್ಚು ಹೊರಬೇಕು. ಎಲ್ಲಕ್ಕೂ ಸಮಾನ ಅವಕಾಶ ಸಿಗಲಿ ಎಂಬುದೇ ಉದ್ದೇಶ.

ಹಾಗಾಗಿ ಕಳೆದ ಬಾರಿ ಗೆದ್ದಿದೆ ಎಂಬುದಷ್ಟೇ ಸಾಲದು. ಗೆದ್ದ ಮೇಲೆ ಭಾರ ಎಷ್ಟು ಏರಿತು, ಇಂದಿನ ದೂರ ಅದಕ್ಕೆ ಒಗ್ಗುತ್ತದೆಯೇ, ಮಳೆಗೆ ಟ್ರ್ಯಾಕ್ ಮೆತ್ತಗಾಗಿದೆಯೇ, ಜಾಕಿ ಯಾರು ಎಂದು ನೋಡಿ.

ದಿನದ ಮೊತ್ತವನ್ನು ಮನೆಯಲ್ಲೇ ನಿಗದಿ ಮಾಡಿಕೊಳ್ಳಿ. ಅರ್ಥವಾಗದ ರೇಸ್ ಬಿಟ್ಟುಬಿಡಿ. ಸೋತ ಹಣವನ್ನು ಕೊನೆಯ ರೇಸ್‌ನಲ್ಲಿ ವಾಪಸ್ ಪಡೆಯಲು ಹೋಗಬೇಡಿ.

ಕುದುರೆ ರೇಸ್ ಕೌಶಲದ ಆಟ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಟೋಟ್ ಹಣ ಹಂಚುವುದು ತನ್ನ ಪಾಲು ಮುರಿದುಕೊಂಡ ಮೇಲೆಯೇ. ಹೋದರೂ ಪರವಾಗಿಲ್ಲ ಎನ್ನುವಷ್ಟನ್ನೇ ಕುದುರೆ ಬಾಲಕ್ಕೆ ಕಟ್ಟಿ.