ಅಂಗಿಯ ಮೇಲಿನ ಶಿಲಾಬಾಲಿಕೆ: ಬಟ್ಟೆ ಯಾವುದು, ಬೆಲೆ ಎಷ್ಟು?

ಅರಸೀಕೆರೆಯಲ್ಲಿ ರೈಲಿನಿಂದ ಇಳಿದು ಹಳೇಬೀಡು, ಬೇಲೂರುಗಳತ್ತ ಹೊರಡುವ ಶಾಲಾ ತಂಡಗಳನ್ನು ನೀವು ನೋಡಿರಬಹುದು. ಮಕ್ಕಳೆಲ್ಲರಿಗೂ ಒಂದೇ ಬಗೆಯ ಟೀ ಶರ್ಟು. ಎದೆಯ ಮೇಲೆ ಶಾಲೆಯ ಹೆಸರು, ಜೊತೆಗೊಂದು ಶಿಲಾಬಾಲಿಕೆಯ ಚಿತ್ರ. ಬಿಸಿ ಫಲಕದ ಅಡಿಯಲ್ಲಿ ಒತ್ತಿ ಮೂಡಿಸಿದ ಚಿತ್ರವದು. ನಾಲ್ಕಾರು ಬಾರಿ ಒಗೆಯುವಷ್ಟರಲ್ಲಿ ಕೆಲವು ಅಂಗಿಗಳಲ್ಲಿ ಅದು ಮಸುಕಾಗುತ್ತದೆ, ಕೆಲವುಗಳಲ್ಲಿ ಬಿರುಕು ಬಿಡುತ್ತದೆ, ಇನ್ನು ಕೆಲವುಗಳಲ್ಲಿ ಹೊಸದರಂತೆಯೇ ಉಳಿಯುತ್ತದೆ. ಏಕೆ? ಹೆಚ್ಚಿನ ಸಂದರ್ಭಗಳಲ್ಲಿ ಉತ್ತರವಿರುವುದು ಬಟ್ಟೆಯ ಅಣುರಚನೆಯಲ್ಲಿ. ಅಂಗಿಯ ನಿಜವಾದ ಬೆಲೆಯೂ ಅಲ್ಲಿಯೇ ನಿರ್ಧಾರವಾಗುತ್ತದೆ.

ಚಿತ್ರಕ್ಕೆ ಮೊದಲು ವಸ್ತುವಿನ ಆಯ್ಕೆ ಎಂಬ ಪಾಠ ಆ ಊರುಗಳಲ್ಲಿಯೇ ಇದೆ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡುಗಳ ದೇಗುಲಗಳು 12ನೆಯ ಶತಮಾನದವು. ಬೇಲೂರಿನ ಚೆನ್ನಕೇಶವ ದೇಗುಲ ಪ್ರತಿಷ್ಠೆಯಾದದ್ದು 1117ರಲ್ಲಿ. ಬಾದಾಮಿಯ ಚಾಲುಕ್ಯರು ಮರಳುಗಲ್ಲಿನಲ್ಲಿ ಕೆಲಸ ಮಾಡಿದ್ದರೆ ಇಲ್ಲಿಯ ಶಿಲ್ಪಿಗಳು ನಯವಾದ ಬಳಪದ ಕಲ್ಲನ್ನು ಆರಿಸಿಕೊಂಡರು. ಮಣಿಹಾರದ ಒಂದೊಂದು ಮಣಿಯನ್ನೂ ಬಿಡಿಸಿ ಕೆತ್ತಲು ಈ ಕಲ್ಲಿನ ಮೃದುತ್ವವೇ ಅನುವು ಮಾಡಿಕೊಟ್ಟಿತು. ಅದೇ ಚಿತ್ರವನ್ನು ಬಟ್ಟೆಗೆ ಇಳಿಸುವಾಗಲೂ ಮೊದಲ ಪ್ರಶ್ನೆ ಇದೇ: ಈ ವಸ್ತು ಯಾವ ವಿಧಾನಕ್ಕೆ ಒಗ್ಗುತ್ತದೆ?

ಈಗ ಬಟ್ಟೆಯ ಇತಿಹಾಸಕ್ಕೆ ಬರೋಣ. ಹತ್ತಿಯ ನೂಲು ಸೆಲ್ಯುಲೋಸಿನಿಂದ ಆದದ್ದು. ಅದಕ್ಕೆ ನೀರೆಂದರೆ ಒಲವು. ಆದ್ದರಿಂದ ನೀರಿನಲ್ಲಿ ಕರಗುವ ಬಣ್ಣಗಳನ್ನು ಸುಲಭವಾಗಿ ಹೀರುತ್ತದೆ. 1920ರ ದಶಕದಲ್ಲಿ ಅಸಿಟೇಟ್ ಎಂಬ ಕೃತಕ ರೇಷ್ಮೆ ಮಾರುಕಟ್ಟೆಗೆ ಬಂದಾಗ ಅಂತಹ ಬಣ್ಣಗಳು ಅದಕ್ಕೆ ಹಿಡಿಯಲಿಲ್ಲ. ಹಾಗಾಗಿ ನೀರಿನಲ್ಲಿ ಕರಗದೆ ಸಣ್ಣ ಕಣಗಳಾಗಿ ಹರಡಿಕೊಳ್ಳುವ ಹೊಸ ವರ್ಗದ ಬಣ್ಣಗಳನ್ನು ಬ್ರಿಟನ್ನಿನ ರಸಾಯನ ವಿಜ್ಞಾನಿಗಳು ರೂಪಿಸಿದರು. ಇವೇ ‘ಡಿಸ್ಪರ್ಸ್’ ಬಣ್ಣಗಳು.

1930ರ ದಶಕದ ಆರಂಭದಲ್ಲಿ ಅಮೆರಿಕದ ವ್ಯಾಲೇಸ್ ಕರೋಥರ್ಸ್ ಪಾಲಿಯೆಸ್ಟರ್ ಎಳೆಗಳನ್ನು ತಯಾರಿಸಿದ್ದರು. ಆದರೆ ಅವು ಕಡಿಮೆ ಉಷ್ಣತೆಯಲ್ಲಿಯೇ ಕರಗುತ್ತಿದ್ದವು. ಇಸ್ತ್ರಿ ಪೆಟ್ಟಿಗೆಯನ್ನು ತಾಳುವ ಮಾತೇ ಇರಲಿಲ್ಲ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಟೆರೆಫ್ತಾಲಿಕ್ ಆಮ್ಲವನ್ನು ಬಳಸಿದರು. ಅದರಲ್ಲಿರುವ ಬೆಂಜೀನ್ ಉಂಗುರ ಅಣುಸರಪಳಿಗೆ ಬಿಗಿತ ನೀಡಿತು. ಕರಗುವ ಬಿಂದು ಸುಮಾರು 260° ಸೆ.ಗೆ ಏರಿತು. ನಮ್ಮ ಹಿರಿಯರು ಮೆಚ್ಚಿ ತೊಟ್ಟ ಟೆರಿಲಿನ್, ಟೆರಿಕಾಟ್‌ಗಳ ಮೂಲ ಇದೇ.

1950ರ ದಶಕದ ಕೊನೆಯಲ್ಲಿ ಫ್ರಾನ್ಸಿನ ನೋಯೆಲ್ ಡಿ ಪ್ಲಾಸ್ ಈ ಎರಡು ಎಳೆಗಳನ್ನು ಕೂಡಿಸಿದರು. ಸುಮಾರು 200° ಸೆ.ನಲ್ಲಿ ಡಿಸ್ಪರ್ಸ್ ಬಣ್ಣಗಳು ಕರ್ಪೂರದಂತೆ ಘನಸ್ಥಿತಿಯಿಂದ ನೇರವಾಗಿ ಅನಿಲವಾಗುತ್ತವೆ. ಇದೇ ಉತ್ಪತನ. ಅದೇ ಉಷ್ಣತೆಯಲ್ಲಿ ಪಾಲಿಯೆಸ್ಟರ್ ಕರಗುವುದಿಲ್ಲ. ಆದರೆ ಅದರ ಅಣುಸರಪಳಿಗಳು ಸಡಿಲಗೊಂಡು ಬಣ್ಣದ ಅಣುಗಳಿಗೆ ಎಡೆ ಕೊಡುತ್ತವೆ. ತಣಿದಾಗ ಸರಪಳಿಗಳು ಬಿಗಿಯುತ್ತವೆ, ಬಣ್ಣ ಒಳಗೇ ಸೆರೆಯಾಗುತ್ತದೆ. ಕಾಗದದ ಮೇಲೆ ಮುದ್ರಿಸಿದ ಚಿತ್ರ ಹೀಗೆ ಬಟ್ಟೆಯ ಒಳಕ್ಕೆ ಸಾಗುತ್ತದೆ.

ಹತ್ತಿಯಲ್ಲಿ ಈ ಸೆರೆಮನೆ ಇಲ್ಲ. ಬಣ್ಣ ಮೇಲೆಯೇ ಉಳಿದು ಒಗೆದಾಗ ಹೋಗುತ್ತದೆ. ಹತ್ತಿ–ಪಾಲಿಯೆಸ್ಟರ್ ಮಿಶ್ರಣದಲ್ಲಿ ಪಾಲಿಯೆಸ್ಟರಿನ ಪಾಲಿನಷ್ಟು ಮಾತ್ರ ಬಣ್ಣ ನಿಲ್ಲುತ್ತದೆ. ಈ ಬಣ್ಣಗಳು ಪಾರದರ್ಶಕವಾದ್ದರಿಂದ ಕಪ್ಪು ಬಟ್ಟೆಯ ಮೇಲೆ ಕಾಣುವುದೇ ಇಲ್ಲ. ಹತ್ತಿಗೆ ಬೇರೆ ದಾರಿ ಇದೆ: ಚಿತ್ರವಿರುವ ಪ್ಲಾಸ್ಟಿಕ್ ಪೊರೆಯನ್ನು ಕರಗುವ ಅಂಟಿನಿಂದ ಸುಮಾರು 150–160° ಸೆ.ನಲ್ಲಿ ಅಂಟಿಸುವುದು. ಚಿತ್ರ ಬಟ್ಟೆಯ ಮೇಲೆ ಕೂರುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ. ಮಡಿಸಿ, ಹಿಂಡಿ, ಎಳೆದಂತೆಲ್ಲ ಬಿರುಕಿನ ಭಯ.

ಇನ್ನು ಬೆಲೆ. 1970ರ ದಶಕದಲ್ಲಿ ಚಿತ್ರದ ಕಾಗದವನ್ನು ಕೊರೆದ ಲೋಹದ ಉರುಳೆಗಳಿಂದ ಮುದ್ರಿಸುತ್ತಿದ್ದರು. ಉರುಳೆಯ ದುಬಾರಿ ವೆಚ್ಚ ಸಾವಿರಾರು ಮೀಟರುಗಳಿಗೆ ಹಂಚಿದರಷ್ಟೇ ಗಿಟ್ಟುತ್ತಿತ್ತು. ಕಂಪ್ಯೂಟರ್ ಮತ್ತು ಇಂಕ್‌ಜೆಟ್ ಮುದ್ರಕ ಬಂದ ಮೇಲೆ ಆ ಸ್ಥಿರ ವೆಚ್ಚ ಬಹುತೇಕ ಇಲ್ಲವಾಯಿತು. ಸಣ್ಣ ಊರಿನ ಅಂಗಡಿಯಲ್ಲೂ ನಲವತ್ತು ಅಂಗಿ, ಅಷ್ಟೇಕೆ, ಒಂದೇ ಅಂಗಿ ಮಾಡಿಸುವುದು ಸಾಧ್ಯವಾದದ್ದು ಹೀಗೆ.

ಲೆಕ್ಕ ಹಾಕಿ ನೋಡಿ. 1.8 ಕಿಲೋವಾಟ್‌ನ ಯಂತ್ರ 60 ಸೆಕೆಂಡ್ ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ ಬಳಸುವ ಶಕ್ತಿ 108 ಕಿಲೋಜೂಲ್, ಅಂದರೆ 0.03 ಯೂನಿಟ್. 40 ಅಂಗಿಗೆ 1.2 ಯೂನಿಟ್. ಮೊದಲು ಬಿಸಿಯಾಗಲು ಇನ್ನೊಂದಿಷ್ಟು ಸೇರಿಸಿದರೂ ಒಟ್ಟು ಖರ್ಚು ಒಂದು ಲೋಟ ಕಾಫಿಯ ಆಸುಪಾಸು. ಉಳಿದವಕ್ಕೆ ಉದಾಹರಣೆಗಾಗಿ ಹೀಗೆ ಭಾವಿಸೋಣ: ಖಾಲಿ ಅಂಗಿಗೆ 120 ರೂ., ಕಾಗದ ಮತ್ತು ಶಾಯಿಗೆ 15, ಕೂಲಿಗೆ 20, ವಿನ್ಯಾಸದ 400 ರೂ.ಗಳನ್ನು 40ಕ್ಕೆ ಹಂಚಿದರೆ 10, ಎರಡು ಅಂಗಿ ಕೆಟ್ಟರೆ ಅದರ ಪಾಲು ಸುಮಾರು 7. ಒಟ್ಟು 172 ರೂ. ಇದರಲ್ಲಿ ಹತ್ತಿರ ಹತ್ತಿರ ಶೇ. 70 ಬಟ್ಟೆಯದೇ!

ಆದ್ದರಿಂದ ಉಳಿಸಬೇಕೆಂದಾಗ ಎಲ್ಲರ ಕಣ್ಣೂ ಬಟ್ಟೆಯ ಮೇಲೆಯೇ. 30 ರೂ. ಅಗ್ಗದ ಮಿಶ್ರ ಬಟ್ಟೆಗೆ ಉತ್ಪತನ ಮುದ್ರಣ ಮಾಡಿಸಿದರೆ ಬೆಲೆ 142ಕ್ಕೆ ಇಳಿಯುತ್ತದೆ. ಆದರೆ 172 ರೂ.ಗಳ ಅಂಗಿ 50 ಬಾರಿ ಬಳಕೆಗೆ ಬಂದು, ಇದು ಹತ್ತೇ ಬಾರಿಗೆ ಮಸುಕಾದರೆ? ಬಳಕೆಯೊಂದಕ್ಕೆ ಮೊದಲನೆಯದಕ್ಕೆ ಮೂರೂವರೆ ರೂಪಾಯಿಯೂ ಆಗದು. ಎರಡನೆಯದಕ್ಕೆ 14 ದಾಟುತ್ತದೆ.

ಹಾಗೆಂದು ಪಾಲಿಯೆಸ್ಟರ್ ಎಲ್ಲಕ್ಕೂ ಮದ್ದಲ್ಲ. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು ಶೇ. 8ರಷ್ಟು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಸುಮಾರು ಶೇ. 0.4 ಮಾತ್ರ. ಏಪ್ರಿಲ್ ಬಿಸಿಲಿನಲ್ಲಿ ಹಳೇಬೀಡಿನ ಜಗತಿಯನ್ನು ಸುತ್ತುವ ಮಗುವಿನ ಬೆವರನ್ನು ಯಾವುದು ಹೀರೀತು ಎಂದು ಹೇಳಬೇಕಿಲ್ಲ. ಚಿತ್ರ ದೊಡ್ಡದಾಗಿದ್ದು ಬಹಳ ಕಾಲ ಉಳಿಯಬೇಕಿದ್ದರೆ ತಿಳಿಬಣ್ಣದ ಪಾಲಿಯೆಸ್ಟರ್ ಸರಿ. ದಿನವಿಡೀ ತೊಡುವ ಅಂಗಿಯಾದರೆ ಹತ್ತಿಯನ್ನೇ ಆರಿಸಿ, ಪೊರೆಯ ಚಿತ್ರವನ್ನು ಅಂಗೈಯಷ್ಟಕ್ಕೆ ಸೀಮಿತಗೊಳಿಸಿ. ಪೊರೆಯ ಅಡಿಯಲ್ಲಿ ಹತ್ತಿಯೂ ಉಸಿರಾಡದು.

ಅಂಗಡಿಯವರ ಮಾತನ್ನು ಪರೀಕ್ಷಿಸಬೇಕೆ? ಅಂಗಿಯ ಒಳಹೊಲಿಗೆಯಿಂದ ನಾಲ್ಕು ಎಳೆ ತೆಗೆದು, ಇಕ್ಕಳದಲ್ಲಿ ಹಿಡಿದು, ಪಕ್ಕದಲ್ಲಿ ನೀರಿಟ್ಟುಕೊಂಡು ಶಿಕ್ಷಕರೇ ಸುಟ್ಟು ತೋರಿಸಲಿ. ಹತ್ತಿ ಕಾಗದದ ವಾಸನೆ ಬೀರಿ ಮೆತ್ತನೆಯ ಬೂದಿಯಾಗುತ್ತದೆ; ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡೂ ಕಂಡರೆ ಮಿಶ್ರಣ. ನಲವತ್ತು ಮನೆಗಳ ಹಣ ಕೈಬಿಡುವ ಮುನ್ನ ಒಂದೇ ಒಂದು ಮಾದರಿ ಅಂಗಿ ಮಾಡಿಸಿ, ಐದು ಸಲ ಒಗೆದು ನೋಡಿ. ಆಮೇಲೆ ಬೆಲೆಯ ಮಾತು.